ಹಳೇ ಸ್ಪೋರ್ಟ್ಸ್ ಕಾರಲ್ಲಿ ಹಿಂದ್ಗಡೆ ಸದ್ದಾ? ಮೊದ್ಲು ಮೌಂಟ್ ನೋಡಿ

ಪೋರ್ಶೆ 944 ತರದ ಕಾರಲ್ಲಿ ಗೇರ್‌ಬಾಕ್ಸ್ ಇರೋದೇ ಹಿಂದೆ, ಡಿಫರೆನ್ಷಿಯಲ್ (ಎರಡೂ ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಹಂಚೋ ಭಾಗ) ಜೊತೆಗೆ, ಅದಕ್ಕೇ ಮೌಂಟ್ (ಗೇರ್‌ಬಾಕ್ಸನ್ನ ಬಾಡಿಗೆ ಹಿಡಿದಿಡೋ ರಬ್ಬರ್-ಕಬ್ಬಿಣದ ತುಂಡು) ಹೋದ್ರೂ ಬೇರಿಂಗ್ ಹೋದ್ರೂ ಸದ್ದು ಹಿಂದಿನಿಂದ್ಲೇ ಬರುತ್ತೆ. ಸುಮ್‌ಸುಮ್ನೆ ಗೇರ್‌ಬಾಕ್ಸ್ ಬಿಚ್ಚಿಸ್ಬೇಡಿ. ಚಾಮುಂಡಿ ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿ, ಪ್ರತಿ ಸಲ 'ಡಬ್' ಅಂತ ಒಂದೇ ಏಟು ಕೇಳಿದ್ರೆ ಮೌಂಟ್ ಮೇಲೇ ನನ್ನ ಅನುಮಾನ. ಮಂಡ್ಯ ರೋಡಲ್ಲಿ ಸ್ಪೀಡ್ ಜೊತೆ 'ಗೂಂ' ಅನ್ನೋದೂ ಏರ್ತಾ ಹೋಗಿ, ತಿರುವಲ್ಲಿ ಸದ್ದು ಬದಲಾದ್ರೆ ಬಹುಶಃ ವೀಲ್ ಬೇರಿಂಗ್. ಆಮೇಲೆ ಗಾಡಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬ್ಕೊಂಡು ಕೆಳಗೆ ಹೋಗ್ಲೇಬೇಡಿ), ಟಾರ್ಚ್ ಹಾಕಿ ರಬ್ಬರ್ ನೋಡಿ, ಬಿರುಕು ಬಿಟ್ಟಿದ್ಯಾ, ಕಬ್ಬಿಣದಿಂದ ಕಿತ್ಕೊಂಡಿದ್ಯಾ, ಆಯಿಲ್ ಕುಡಿದು ಮೆತ್ತಗಾಗಿದ್ಯಾ ಅಂತ. ಆಯಿಲ್ ಇದ್ರೆ ಮೊದ್ಲು ಅದು ಸೋರದ ಹಾಗೆ ತಡೆಯೋ ಸೀಲ್ ಬದಲಾಯಿಸಿ, ಇಲ್ದಿದ್ರೆ ಹೊಸ ಮೌಂಟೂ ಹಾಳಾಗುತ್ತೆ.