ಹಳೇ ಕಂಪ್ಯೂಟರ್ ಗುಜರಿಗೆ ಹಾಕುವ ಮೊದಲು ಡಿ ಡ್ರೈವ್ ನೋಡಿ

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಹಳೇ ಮೆಷಿನ್ ಸುಮಾರಿಗೆ ವಿಂಡೋಸ್ 11 ಹಿಡಿಯುದಿಲ್ಲ, ಹಾಗಾಗಿ ಈಗ ಮಂಗಳೂರಲ್ಲಿ ಯಾರ ಮನೆಗೆ ಹೋದ್ರೂ ಕಪಾಟಿನ ಮೇಲೆ ಒಂದು ಲ್ಯಾಪ್‌ಟಾಪ್ ಧೂಳು ತಿಂತಾ ಕೂತಿರ್ತದೆ. ಸೆಕೆಂಡ್ ಹ್ಯಾಂಡ್‌ಗೆ ಮಾರಿ, ಬಂದರಿನ ಗುಜರಿಗೆ ಹಾಕಿ, ಅಕ್ಕನ ಮಗನಿಗೆ ಕೊಡಿ, ನಿಮ್ಮಿಷ್ಟ. ಆದ್ರೆ ಒಳಗೆ ಎಂತೆಲ್ಲ ಉಂಟು ಅಂತ ಒಂದ್ಸಲ ಯೋಚ್ನೆ ಮಾಡಿ: ಆಧಾರ್, ಪ್ಯಾನ್ ಸ್ಕ್ಯಾನ್, ಜಾಗದ ಪಹಣಿ, ದುಬೈಯಲ್ಲಿರುವ ಮಗನ ಪಾಸ್‌ಪೋರ್ಟ್ ಕಾಪಿ, ಮೆಹೆಂದಿ ಫೋಟೋ, ಬ್ರೌಸರ್‌ನಲ್ಲಿ ಸೇವ್ ಆದ ಬ್ಯಾಂಕ್ ಪಾಸ್‌ವರ್ಡ್. ಜನ ಎಂತ ಮಾಡ್ತಾರೆ ಅಂದ್ರೆ ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿ, ರಿಸೈಕಲ್ ಬಿನ್ ಖಾಲಿ ಮಾಡಿ, ಹೆಚ್ಚಂದ್ರೆ ಒಂದು ಕ್ವಿಕ್ ಫಾರ್ಮ್ಯಾಟ್ ಹೊಡೆದು, ಆಯ್ತು ಅಂತ ಕೈ ತೊಳ್ಕೊಳ್ತಾರೆ. ಎಂತದೂ ಆಗ್ಲಿಲ್ಲ ಮಾರಾಯ್ರೆ. ಪಹಣಿಯಿಂದ ಹೆಸರು ಮಾತ್ರ ಹೋಯ್ತು, ಅಡಿಕೆ ತೋಟ ಅಲ್ಲೇ ಉಂಟು. ಫೋಟೋರೆಕ್ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ಹಾರ್ಡ್ ಡಿಸ್ಕಲ್ಲಿ ಓಡಿಸಿದ್ರೆ ಹೀಗೆ ಡಿಲೀಟ್ ಮಾಡಿದ ಫೋಟೋ ಸಾಲಾಗಿ ಎದ್ದು ಬರ್ತವೆ.

ಮೊದಲು ಸುಲಭದ್ದು ಮುಗಿಸುವ. ಬೇಕಾದ ಫೈಲ್ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ಒಂದೆರಡು ಓಪನ್ ಮಾಡಿ ನೋಡಿ, ಡಿಸ್ಕನ್ನು ಪಿನ್‌ನಿಂದ ತೆಗೆದು ಬೇರೆ ರೂಮಲ್ಲಿಡಿ (ಯಾಕೆ ಅಂತ ಮುಂದೆ ಬರ್ತದೆ). ಗೂಗಲ್, ಮೈಕ್ರೋಸಾಫ್ಟ್ ಅಕೌಂಟ್ ಸೈನ್ ಔಟ್ ಮಾಡಿ, ಫೋನಲ್ಲಿ ವಾಟ್ಸಾಪಿನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಆ ಕಂಪ್ಯೂಟರ್ ಕಿತ್ತಾಕಿ. ಅಂಗಡಿಯವರು ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡುದು ಮರೀಬೇಡಿ, ಆಮೇಲೆ ತಲೆಬಿಸಿ.

ಇನ್ನು ಅಳಿಸುದು. ಇಲ್ಲೇ ಎಲ್ರೂ ಎಡವುದು. ಒಳಗಿರುವುದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಾ, ಬರೀ ಚಿಪ್ಪಿನ ಎಸ್‌ಎಸ್‌ಡಿಯಾ ಅಂತ ಮೊದಲು ನೋಡ್ಕೊಳ್ಳಿ, ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್ ಒತ್ತಿದ್ರೆ ಡಿಸ್ಕ್ ಹೆಸರಿನ ಅಡಿಯಲ್ಲೇ ಬರೆದಿರ್ತದೆ.

ಹಾರ್ಡ್ ಡಿಸ್ಕ್ ಆದ್ರೆ ವಿಂಡೋಸಿನ ರಿಸೆಟ್ ಸಾಕು, ಆದ್ರೆ ಸರಿಯಾಗಿ ಮಾಡಿದ್ರೆ ಮಾತ್ರ. ಸೆಟ್ಟಿಂಗ್ಸ್, ರಿಕವರಿ, ರಿಸೆಟ್ ದಿಸ್ ಪಿಸಿ, ರಿಮೂವ್ ಎವೆರಿಥಿಂಗ್. ಇಷ್ಟು ಎಲ್ರೂ ಮಾಡ್ತಾರೆ, ಆಮೇಲೆ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿ ಚಾ ಕುಡೀಲಿಕ್ಕೆ ಹೋಗ್ತಾರೆ. ಹೋಗ್ಬೇಡಿ. ಅಲ್ಲೇ ಸಣ್ಣ ಅಕ್ಷರದಲ್ಲಿ ಚೇಂಜ್ ಸೆಟ್ಟಿಂಗ್ಸ್ ಅಂತ ಉಂಟು, ಅದನ್ನು ಒತ್ತಿ. ಒಳಗೆ ಕ್ಲೀನ್ ಡೇಟಾ ಅಂತ ಒಂದು ಸ್ವಿಚ್, ಅದು ತಾನಾಗಿ ಆಫ್ ಇರ್ತದೆ, ಆನ್ ಮಾಡಿ. ಅದರ ಹತ್ರ ಎಲ್ಲಾ ಡ್ರೈವಿಂದ ಅಳಿಸ್ಬೇಕಾ ಅಂತ ಇನ್ನೊಂದು, ಅದೂ ಆನ್. ಈ ಎರಡನೇದು ಬಿಟ್ರೆ ವಿಂಡೋಸ್ ಇರುವ ಸಿ ಡ್ರೈವ್ ಮಾತ್ರ ಹೋಗ್ತದೆ. ನಮ್ಮಲ್ಲಿ ಅಂಗಡಿಯವರು ಸಿ, ಡಿ, ಇ ಅಂತ ಭಾಗ ಮಾಡಿ ಕೊಡುದು, ನಾವು 'ವಿಂಡೋಸ್ ಹೋದ್ರೂ ಫೈಲ್ ಉಳೀಲಿ' ಅಂತ ಎಲ್ಲಾ ಡಿ ಡ್ರೈವಿಗೆ ತುಂಬುದು, ಹೊಸಬ ಲ್ಯಾಪ್‌ಟಾಪ್ ಆನ್ ಮಾಡಿದ್ರೆ ಡಿ ಡ್ರೈವಿನ 'ನ್ಯೂ ಫೋಲ್ಡರ್ 2' ಒಳಗೆ ನಿಮ್ಮ ಇಡೀ ಸಂಸಾರ ಕೂತಿರ್ತದೆ.

ನನ್ನನ್ನು ಕೇಳಿದ್ರೆ ರಿಸೆಟ್‌ಗಿಂತ ವಿಂಡೋಸಿನದ್ದೇ ಡಿಸ್ಕ್‌ಪಾರ್ಟ್ ಅನ್ನುವ ಕಮಾಂಡ್ ಒಳ್ಳೇದು. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒತ್ತಿದ್ರೆ ಕಪ್ಪು ಕಿಟಕಿ ಬರ್ತದೆ. ಡಿಸ್ಕ್‌ಪಾರ್ಟ್, ಆಮೇಲೆ ಲಿಸ್ಟ್ ಡಿಸ್ಕ್, ಸೈಜ್ ನೋಡಿ ಸರಿಯಾದ ನಂಬರ್ ಸೆಲೆಕ್ಟ್ ಮಾಡಿ, ಕೊನೆಗೆ ಕ್ಲೀನ್ ಆಲ್ (ಎಲ್ಲ ಇಂಗ್ಲಿಷಲ್ಲೇ ಟೈಪ್ ಮಾಡ್ಬೇಕು). ಬರೀ ಕ್ಲೀನ್ ಅಂತ ಹೊಡೆದ್ರೆ ಪಾರ್ಟಿಷನ್ ಪಟ್ಟಿ ಮಾತ್ರ ಹೋಗ್ತದೆ, ಆಲ್ ಸೇರಿಸಿದ್ರೆ ಪ್ರತೀ ಸೆಕ್ಟರಿಗೂ ಸೊನ್ನೆ ಬರೀತದೆ. ಇದು 'ಆರ್ ಯು ಶೂರ್' ಅಂತ ಕೇಳುದೂ ಇಲ್ಲ, ಎಷ್ಟು ಪರ್ಸೆಂಟ್ ಆಯ್ತು ಅಂತ ಹೇಳುದೂ ಇಲ್ಲ. ಬ್ಯಾಕಪ್ ಡಿಸ್ಕ್ ಬೇರೆ ರೂಮಲ್ಲಿಡಿ ಅಂದದ್ದು ಇದಕ್ಕೇ, ನಂಬರ್ ತಪ್ಪಿದ್ರೆ ಬ್ಯಾಕಪ್ಪೇ ಹೋಯ್ತು. 1 ಟಿಬಿಗೆ ಸುಮಾರು 3 ಗಂಟೆ, ಹಳೇ ಡಿಸ್ಕಿಗೆ ಇನ್ನೂ ಜಾಸ್ತಿ, ಹಾಗಾಗಿ ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಲ್ಲಿ ಶುರು ಮಾಡುದಾದ್ರೆ ಗುಡುಗು ಇಲ್ಲದ ದಿನ ನೋಡಿ. 35 ಸಲ ಅಳಿಸ್ಬೇಕು ಅನ್ನುದು 1996ರ ಕಾಲದ ಡಿಸ್ಕಿನ ಲೆಕ್ಕ, ಈಗಿನದ್ದಕ್ಕೆ ಒಂದ್ಸಲ ಸಾಕು. ದುಡ್ಡು ಕೊಟ್ಟು ಎಂತದೋ ಇರೇಸರ್ ಸಾಫ್ಟ್‌ವೇರ್ ತಗೊಳ್ಬೇಡಿ, ಟೆಲಿಗ್ರಾಮಲ್ಲಿ ಸಿಗುವ ಕ್ರ್ಯಾಕ್ ಅಂತೂ ಮುಟ್ಲೇಬೇಡಿ.

ಎಸ್‌ಎಸ್‌ಡಿಗೆ ಈ ಸೊನ್ನೆ ಆಟ ನಂಬ್ಲಿಕ್ಕೆ ಆಗುದಿಲ್ಲ, ಅದು ಬರೆಯುವ ಜಾಗವನ್ನು ಒಳಗೊಳಗೇ ಬದಲಾಯಿಸ್ತಾ ಇರ್ತದೆ, ಹಳೇ ತುಣುಕು ಎಲ್ಲೋ ಉಳೀಬಹುದು. ಬಯೋಸಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್) ಸೆಕ್ಯೂರ್ ಇರೇಸ್ ಇದ್ರೆ ಅದು, ಇಲ್ಲಾಂದ್ರೆ ಸ್ಯಾಮ್‌ಸಂಗ್ ಮ್ಯಾಜಿಶಿಯನ್ ತರ ಕಂಪನಿಯದ್ದೇ ಟೂಲ್. ಅದೂ ಇಲ್ವಾ, ಡ್ರೈವಿಗೆ ಗುಪ್ತಲಿಪಿಯ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಹಾಕಿ, ಬರೀ ಯೂಸ್ಡ್ ಸ್ಪೇಸ್ ಅಲ್ಲ, ಇಡೀ ಡ್ರೈವ್ ಎನ್‌ಕ್ರಿಪ್ಟ್ ಮಾಡಿ, ಪೂರ್ತಿ ಆದ ಮೇಲೆ ರಿಸೆಟ್. ಬೀಗದಕೈ ಹೋದ್ರೆ ಉಳಿದ ತುಣುಕು ಯಾರಿಗೂ ಓದ್ಲಿಕ್ಕೆ ಬರುದಿಲ್ಲ. ಎಂ ಸೀರೀಸ್ ಮ್ಯಾಕ್‌ನವರಿಗೆ ಆರಾಮ, ಇರೇಸ್ ಆಲ್ ಕಂಟೆಂಟ್ ಒತ್ತಿ.

ಇನ್ನು 'ನಮ್ಮದು ಆನ್ ಆಗುದೇ ಇಲ್ಲ, ಸತ್ತಿದೆ' ಅನ್ನುವವರು. ಸತ್ತದ್ದು ಮದರ್‌ಬೋರ್ಡ್ ಇರ್ಬಹುದು. ನಮ್ಮ ಕಡಲ ಗಾಳಿಯ ಉಪ್ಪು, ತೇವಕ್ಕೆ ಬೋರ್ಡ್ ಹಸಿರು ಹಿಡಿದು ಹೋಗ್ತದೆ, ಪಕ್ಕದ ಡಿಸ್ಕ್ ಗಟ್ಟಿಮುಟ್ಟಾಗಿ ಇರ್ತದೆ. ಅಡಿಯ ಸ್ಕ್ರೂ ಬಿಚ್ಚಿ ಡಿಸ್ಕ್ ಹೊರಗೆ ತೆಗೀರಿ, ಯುಎಸ್‌ಬಿ ಕೇಸ್ ತಂದು ಹಾಕಿದ್ರೆ ನಿಮಗೇ ಎಕ್ಸ್‌ಟರ್ನಲ್ ಡಿಸ್ಕ್ ಆಯ್ತು. ಕೆಲಸ ಮಾಡುವ ಲ್ಯಾಪ್‌ಟಾಪನ್ನೂ ಡಿಸ್ಕ್ ತೆಗೆದೇ ಮಾರಿ ಅನ್ನುವವ ನಾನು, ನಾಲ್ಕು ಕಾಸು ಕಮ್ಮಿ ಬಂದ್ರೆ ಬರ್ಲಿ. ಡಿಸ್ಕೂ ಹಾಳಾಗಿದ್ರೆ ಡ್ರಿಲ್ ತಗೊಂಡು ಒಳಗಿನ ತಟ್ಟೆ ದಾಟುವ ಹಾಗೆ ಎರಡು ಮೂರು ತೂತು ಹೊಡೀರಿ, ಕಣ್ಣಿಗೆ ಕನ್ನಡಕ ಹಾಕಿ, ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಎಷ್ಟೋ ಸಲ ಗಾಜಿನದ್ದು, ಚೂರಾಗಿ ಹಾರ್ತದೆ. ಎಸ್‌ಎಸ್‌ಡಿಯಲ್ಲಿ ತಟ್ಟೆ ಇಲ್ಲ, ಒಂದೊಂದು ಚಿಪ್ಪೂ ಒಡೀಬೇಕು. ನೀರಲ್ಲಿ ಮುಳುಗಿಸುದು, ಫ್ರಿಡ್ಜ್ ಮ್ಯಾಗ್ನೆಟ್ ಉಜ್ಜುದು ಎಲ್ಲ ಬೊಗಳೆ. ತೋಟದ ಮೂಲೆಯಲ್ಲಿ ಸುಡುದು ಮಾತ್ರ ಬೇಡವೇ ಬೇಡ, ವಿಷದ ಹೊಗೆ.

ಉಳಿದ ಡಬ್ಬಕ್ಕೆ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿ ಉಂಟು, ನೋಂದಣಿ ಇರುವ ರೀಸೈಕ್ಲರಿಗೇ ಕೊಡಿ. ಬ್ಯಾಟರಿ ಉಬ್ಬಿದ್ರೆ ಮೊದಲೇ ಹೇಳಿ, ಒತ್ತಿ ಚೀಲಕ್ಕೆ ತುರುಕ್ಬೇಡಿ. ಕೊಡುವ ಮೊದಲು ಡಿವಿಡಿ ಟ್ರೇ ಎಳೆದು ನೋಡಿ, ಮೆಮೊರಿ ಕಾರ್ಡ್ ಸ್ಲಾಟ್ ಒತ್ತಿ ನೋಡಿ, ಮತ್ತೆ ಅಡಿಯಲ್ಲಿ ಪಾಸ್‌ವರ್ಡ್ ಬರೆದು ಅಂಟಿಸಿದ ಚೀಟಿ ಉಂಟಲ್ಲ, ಅದನ್ನೂ ಕಿತ್ತು ತೆಗೀರಿ.