ಹಳ್ಳಿಯ ಸ್ಕೂಲ್ ಡಿಸ್ಟ್ರಿಕ್ಟ್: ಶೇಕಡಾವಾರಿಗಿಂತ ಮೊದಲು ತಲೆ ಎಣಿಸಿ

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಹಳ್ಳಿಗಾಡಿನ ಸಣ್ಣ ಡಿಸ್ಟ್ರಿಕ್ಟ್ ಎಂದರೆ ಇನ್ನೂರು ಮುನ್ನೂರು ಮಕ್ಕಳು, ಊರವರೇ ಆರಿಸಿದ ಬೋರ್ಡು, ಆಡಳಿತ ನೋಡಿಕೊಳ್ಳುವ ಒಬ್ಬ ಸೂಪರಿಂಟೆಂಡೆಂಟ್, ಕೆಲವು ಬಸ್ಸುಗಳು. ಇಂಥ ಡಿಸ್ಟ್ರಿಕ್ಟಿನ ಫಲಿತಾಂಶ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಶೇಕಡಾವಾರಿನ ಹಿಂದಿರುವ ಮಕ್ಕಳ ಸಂಖ್ಯೆಯನ್ನು. ನಾಲ್ಕನೇ ತರಗತಿಯಲ್ಲಿ 14 ಮಕ್ಕಳಿದ್ದರೆ ಒಂದು ಮಗು ಶೇ. 7ಕ್ಕೆ ಸಮ. ಹೋದ ವರ್ಷ 8 ಮಕ್ಕಳು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಿದ್ದು, ಈ ವರ್ಷ 14ರಲ್ಲಿ 6 ಮಕ್ಕಳು ಮುಟ್ಟಿದರೆ ವರದಿಯಲ್ಲಿ ಶೇ. 57 ಇದ್ದದ್ದು ಶೇ. 43 ಆಗುತ್ತದೆ. ಬೋರ್ಡ್ ಸಭೆಯಲ್ಲಿ ಅದಕ್ಕೆ ಕುಸಿತ ಎಂಬ ಹೆಸರು ಬರುತ್ತದೆ, ಪಠ್ಯಪುಸ್ತಕ ಬದಲಿಸುವ ಮಾತು ಶುರುವಾಗುತ್ತದೆ. ನಿಜಕ್ಕೂ ವ್ಯತ್ಯಾಸ ಇಬ್ಬರು ಮಕ್ಕಳದು.

ಹಾಗಾಗಿ ಮೂರು ವರ್ಷದ ಲೆಕ್ಕವನ್ನು ಒಟ್ಟುಗೂಡಿಸುತ್ತೇನೆ. ಇಲ್ಲೊಂದು ತಪ್ಪು ಎಲ್ಲೆಡೆ ಕಾಣುತ್ತದೆ: ಮೂರು ಶೇಕಡಾವಾರುಗಳ ಸರಾಸರಿ ತೆಗೆಯುವುದು. 12ರಲ್ಲಿ 9, 10ರಲ್ಲಿ 4, 20ರಲ್ಲಿ 7 ಮಕ್ಕಳು ಉತ್ತೀರ್ಣರಾಗಿದ್ದರೆ ಶೇ. 75, 40, 35ರ ಸರಾಸರಿ ಶೇ. 50. ಮಕ್ಕಳನ್ನೇ ಕೂಡಿಸಿದರೆ 42ರಲ್ಲಿ 20, ಅಂದರೆ ಶೇ. 47.6. ಎರಡನೆಯದೇ ಸರಿ, ಏಕೆಂದರೆ ಮೊದಲನೆಯದರಲ್ಲಿ ಹತ್ತು ಮಕ್ಕಳ ತರಗತಿಗೂ ಇಪ್ಪತ್ತು ಮಕ್ಕಳ ತರಗತಿಗೂ ಒಂದೇ ತೂಕ ಬೀಳುತ್ತದೆ. 2020ರ ವಸಂತದಲ್ಲಿ ಕೋವಿಡ್‌ನಿಂದ ರಾಜ್ಯ ಪರೀಕ್ಷೆಗಳು ನಡೆಯಲಿಲ್ಲ. ಆ ಸಾಲನ್ನು ಖಾಲಿ ಬಿಡಬೇಕು, ಅಂದಾಜಿನಿಂದ ತುಂಬಬಾರದು. ರಾಜ್ಯ ಪರೀಕ್ಷೆಯನ್ನೋ ಉತ್ತೀರ್ಣದ ಮಿತಿಯನ್ನೋ ಬದಲಿಸಿದ ವರ್ಷದಿಂದ ಹೊಸ ಲೆಕ್ಕ ಶುರು.

ರಾಷ್ಟ್ರಮಟ್ಟದ ಸಾರ್ವಜನಿಕ ಕಡತಗಳಲ್ಲಿ ಗುಂಪು ಚಿಕ್ಕದಾದಷ್ಟೂ ಅಂಕಿ ಮಸುಕಾಗುತ್ತದೆ. ಐದು ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ ಅಂಕಿಯೇ ಇರುವುದಿಲ್ಲ, 6ರಿಂದ 15 ಮಕ್ಕಳಿದ್ದರೆ ‘ಶೇ. 50ಕ್ಕಿಂತ ಕಡಿಮೆ’ ಅಥವಾ ‘ಶೇ. 50 ಮತ್ತು ಮೇಲೆ’ ಎಂದಷ್ಟೇ. ನಿಖರ ಸಂಖ್ಯೆ ಡಿಸ್ಟ್ರಿಕ್ಟ್ ಕಚೇರಿಯಲ್ಲಿರುತ್ತದೆ, ಆದರೆ ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಗೆಂದಿರುವ 1974ರ ಫೆರ್ಪಾ ಕಾಯ್ದೆ ಮಕ್ಕಳ ಗುರುತನ್ನು ಕಾಯುತ್ತದೆ. ಒಟ್ಟು ಸಂಖ್ಯೆ ಮತ್ತು ಹುಡುಗರ ಸಂಖ್ಯೆ ಕೊಟ್ಟು ಹುಡುಗಿಯರದ್ದನ್ನು ಮುಚ್ಚಿಟ್ಟರೆ ಏನೂ ಮುಚ್ಚಿಟ್ಟಂತಾಗಲಿಲ್ಲ, ಕಳೆದರೆ ಸಿಗುತ್ತದೆ. ಸಭೆಯ ಸ್ಲೈಡಿಗೆ ಹೋಗುವ ಪ್ರತಿ ಕೋಷ್ಟಕದಲ್ಲೂ ಈ ಕಳೆಯುವ ಲೆಕ್ಕವನ್ನು ಮೊದಲು ನಾನೇ ಮಾಡಿ ನೋಡುತ್ತೇನೆ. ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಇದು ಅತಿ ಎಚ್ಚರಿಕೆಯಲ್ಲ.

ಪದವಿ ಪ್ರಮಾಣದಲ್ಲಿ, ಅಂದರೆ ಹೈಸ್ಕೂಲ್ ಮುಗಿಸಿದವರ ಶೇಕಡಾವಾರಿನಲ್ಲಿ, ಕೆಡುವುದು ಹೆಚ್ಚಾಗಿ ಕಾಗದಪತ್ರ. ಒಂಬತ್ತನೇ ತರಗತಿಗೆ ಮೊದಲ ಬಾರಿ ಸೇರಿದವರನ್ನು ಎಣಿಸಿ, ನಂತರ ಬಂದವರನ್ನು ಕೂಡಿಸಿ, ಬೇರೆ ಶಾಲೆಗೆ ಹೋದವರನ್ನು ಕಳೆದು, ನಾಲ್ಕು ವರ್ಷದಲ್ಲಿ ಹೈಸ್ಕೂಲ್ ಡಿಪ್ಲೊಮಾ ಪಡೆದವರೆಷ್ಟು ಎಂದು ನೋಡುವುದು ಕ್ರಮ. ಆದರೆ ಮಗು ಬೇರೆ ಕಡೆ ಸೇರಿದ್ದಕ್ಕೆ ಲಿಖಿತ ದಾಖಲೆ ಇಲ್ಲದಿದ್ದರೆ ಕಳೆಯುವ ಹಾಗಿಲ್ಲ. 18 ಮಕ್ಕಳ ತಂಡದಲ್ಲಿ 16 ಮಂದಿ ಮುಗಿಸಿ, ಇಬ್ಬರು ಪಕ್ಕದ ರಾಜ್ಯಕ್ಕೆ ಹೋಗಿದ್ದು ದಾಖಲೆ ಬಾರದಿದ್ದರೆ ಪ್ರಮಾಣ ಶೇ. 88.9. ದಾಖಲೆ ಬಂದರೆ ಶೇ. 100. ಆದ್ದರಿಂದ ಮಗು ಶಾಲೆ ಬಿಟ್ಟ ವಾರವೇ ಹೊಸ ಶಾಲೆಯಿಂದ ಕಡತದ ಬೇಡಿಕೆ ಬಂತೇ ಎಂದು ನೋಡಬೇಕು. ಎರಡು ವರ್ಷ ಬಿಟ್ಟು ಹುಡುಕಿದರೆ ಆ ಕುಟುಂಬದ ಫೋನ್ ನಂಬರೂ ಸಿಗುವುದಿಲ್ಲ.

ಗೈರುಹಾಜರಿಯನ್ನು ತರಗತಿವಾರು ನೋಡುವುದಕ್ಕಿಂತ ಬಸ್ ಮಾರ್ಗವಾರು ನೋಡಿದರೆ ಹೆಚ್ಚು ತಿಳಿಯುತ್ತದೆ. ಶೇ. 10 ಅಥವಾ ಅದಕ್ಕಿಂತ ಹೆಚ್ಚು ದಿನ ಬಾರದಿದ್ದರೆ ದೀರ್ಘಕಾಲಿಕ ಗೈರು, 180 ದಿನದ ವರ್ಷದಲ್ಲಿ ಅದು 18 ದಿನ. ಒಂದೇ ಮಾರ್ಗದ ಮಕ್ಕಳ ಹೆಸರುಗಳು ಗುಂಪಾಗಿ ಬಂದರೆ ತಪ್ಪನ್ನು ಮನೆಗಳಲ್ಲಿ ಹುಡುಕುವ ಮೊದಲು ಆ ಬಸ್ಸು, ಆ ರಸ್ತೆ, ಬದಲಿ ಚಾಲಕ ಇದ್ದನೋ ಇಲ್ಲವೋ ನೋಡಿ.

ಈಗ ಹಣ. ತಲಾ ಖರ್ಚು ಹೆಚ್ಚಿದೆ, ಫಲಿತಾಂಶ ಸಾಧಾರಣ, ಆದ್ದರಿಂದ ದುಂದುವೆಚ್ಚ ಎಂಬ ವಾದ ಸಣ್ಣ ಡಿಸ್ಟ್ರಿಕ್ಟಿಗೆ ಮಾಡುವ ಅನ್ಯಾಯ. ಕಚೇರಿ, ಬಾಯ್ಲರ್, ಛಾವಣಿ, ವಿಮೆ ಇವೆಲ್ಲ ಮಕ್ಕಳು ಕಡಿಮೆಯಾದರೆ ಕಡಿಮೆಯಾಗುವುದಿಲ್ಲ. ಇಂಥ ಸ್ಥಿರ ಖರ್ಚು 9 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ: 240 ಮಕ್ಕಳಿದ್ದಾಗ ತಲಾ 3,750 ಡಾಲರ್, 200ಕ್ಕೆ ಇಳಿದಾಗ 4,500. ಒಂದು ಡಾಲರೂ ಹೆಚ್ಚು ಖರ್ಚಾಗಿಲ್ಲ. ಹೋಲಿಸುವ ಮೊದಲು ಕಟ್ಟಡ ನಿರ್ಮಾಣ ಮತ್ತು ಸಾಲದ ಕಂತನ್ನು ತೆಗೆದು, ಸಾರಿಗೆಯನ್ನು ಬೇರೆ ಸಾಲಿನಲ್ಲಿಟ್ಟು, ಉಳಿದದ್ದನ್ನು ಸರಿಸುಮಾರು ಅಷ್ಟೇ ಮಕ್ಕಳಿರುವ ಡಿಸ್ಟ್ರಿಕ್ಟಿನ ಪಕ್ಕದಲ್ಲಿಡುತ್ತೇನೆ. ಬಡತನದ ಅಳತೆಯಾಗಿ ಉಚಿತ ಊಟದ ಶೇಕಡಾವಾರನ್ನು ಬಳಸುವುದಿಲ್ಲ. ಸಮುದಾಯ ಅರ್ಹತಾ ನಿಯಮಕ್ಕೆ ಸೇರಿದ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಊಟ ಉಚಿತ, ಅದರ ಅರ್ಹತಾ ಮಿತಿಯನ್ನು (ಬೇರೆ ಸರ್ಕಾರಿ ನೆರವಿನ ಮೂಲಕ ಅರ್ಜಿಯಿಲ್ಲದೆಯೇ ಅರ್ಹರೆಂದು ಗುರುತಾದ ಮಕ್ಕಳ ಪಾಲು) 2023ರಲ್ಲಿ ಶೇ. 40ರಿಂದ ಶೇ. 25ಕ್ಕೆ ಇಳಿಸಿದ್ದಾರೆ.

ಸಣ್ಣ ಹಳ್ಳಿ ಡಿಸ್ಟ್ರಿಕ್ಟಿಗೆಂದೇ ಇರುವ ಕೇಂದ್ರ ಅನುದಾನ ಎಸ್‌ಆರ್‌ಎಸ್‌ಎ (ಸ್ಮಾಲ್, ರೂರಲ್ ಸ್ಕೂಲ್ ಅಚೀವ್‌ಮೆಂಟ್). ಶಾಲೆಗಳೆಲ್ಲ 41, 42, 43 ಎಂಬ ಗ್ರಾಮೀಣ ಸಂಕೇತದಲ್ಲಿದ್ದು, ಸರಾಸರಿ ದೈನಂದಿನ ಹಾಜರಾತಿ 600ಕ್ಕಿಂತ ಕಡಿಮೆಯಿದ್ದರೆ ಅರ್ಹತೆ. ಮೂಲ ಲೆಕ್ಕ ಹೀಗೆ: 50ರ ಮೇಲಿನ ಪ್ರತಿ ಮಗುವಿಗೆ 100 ಡಾಲರ್, ಅದಕ್ಕೆ 20,000 ಸೇರಿಸಿ, ಗರಿಷ್ಠ 60,000. ಅದರಿಂದ ಟೈಟಲ್ ಎರಡು-ಎ ಮತ್ತು ನಾಲ್ಕು-ಎ ಎಂಬ ಬೇರೆರಡು ಕೇಂದ್ರ ಅನುದಾನಗಳ ಹಣವನ್ನು ಕಳೆಯುತ್ತಾರೆ. ಹಾಜರಾತಿ 250 ಇದ್ದರೆ 40,000. ಆ ಎರಡು ಬಾಬ್ತಿನಿಂದ 13,500 ಮತ್ತು 10,000 ಬಂದಿದ್ದರೆ ಉಳಿಯುವುದು 16,500. ಬಜೆಟ್ ಬರೆಯುವಾಗ ಈ ಕಳೆಯುವಿಕೆಯನ್ನು ಮರೆತವರೇ ಹೆಚ್ಚು. ಇನ್ನೊಂದು ಅಡ್ಡಿ ಕೇಂದ್ರದ ಹಣ ಪಡೆಯಲು ಬೇಕಾದ ಸ್ಯಾಮ್ ಎಂಬ ಆನ್‌ಲೈನ್ ನೋಂದಣಿ: ಅದನ್ನು ವರ್ಷವರ್ಷವೂ ನವೀಕರಿಸಬೇಕು, ಖಾತೆ ಹೆಚ್ಚಾಗಿ ಒಬ್ಬರ ಕೈಯಲ್ಲೇ ಇರುತ್ತದೆ, ಅವರು ಕೆಲಸ ಬಿಟ್ಟರೆ ಅದನ್ನು ಮತ್ತೆ ತೆರೆಯಿಸುವುದೇ ದೊಡ್ಡ ಕೆಲಸ. ಇಬ್ಬರ ಹೆಸರಿನಲ್ಲಿ ಇಡಿ.

ಇಂಟರ್‌ನೆಟ್‌ಗೆ ಇ-ರೇಟ್ ಎಂಬ ಕೇಂದ್ರ ಯೋಜನೆಯ ರಿಯಾಯಿತಿ ಶೇ. 20ರಿಂದ 90ರವರೆಗೆ ಸಿಗುತ್ತದೆ. ಕಂಪನಿಗಳಿಂದ ದರ ಕರೆಯುವ ಫಾರ್ಮ್ 470 ಹಾಕಿ ಕನಿಷ್ಠ 28 ದಿನ ಕಾಯದೆ ಕಂಪನಿಯನ್ನು ಆರಿಸಿ ಸಹಿ ಮಾಡಿದರೆ ಅರ್ಜಿ ತಿರಸ್ಕಾರವಾಗುತ್ತದೆ. ಹಾಗಾಗಿ ರಿಯಾಯಿತಿಯ ಅರ್ಜಿಯಾದ ಫಾರ್ಮ್ 471ರ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ.

ಶಿಕ್ಷಕ-ವಿದ್ಯಾರ್ಥಿ ಅನುಪಾತವನ್ನು ಕೊನೆಗೆ ನೋಡುತ್ತೇನೆ, ಅದೂ ಅರೆನಂಬಿಕೆಯಿಂದ. ಒಬ್ಬರಿಗೆ ಹತ್ತು ಮಕ್ಕಳು ಎಂದು ಕಾಗದದಲ್ಲಿ ಚೆನ್ನಾಗಿ ಕಾಣುವ ಕಡೆ ಅದೇ ಶಿಕ್ಷಕಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಬೀಜಗಣಿತ ಮೂರಕ್ಕೂ ದಿನವೂ ಪಾಠ ಸಿದ್ಧಪಡಿಸುತ್ತಿರುತ್ತಾರೆ. ಅದಕ್ಕೇ ವೇಳಾಪಟ್ಟಿ ತೆಗೆದುಕೊಂಡು, ಪ್ರತಿಯೊಬ್ಬರ ಎದುರು ದಿನಕ್ಕೆ ಎಷ್ಟು ಬೇರೆ ಬೇರೆ ಪಾಠ ಎಂದು ಬರೆಯುತ್ತೇನೆ. ವಾಕ್ ಚಿಕಿತ್ಸಕರು, ಮನಶ್ಶಾಸ್ತ್ರಜ್ಞರು ಹೆಚ್ಚಾಗಿ ನ್ಯೂಯಾರ್ಕಿನ ಬೋಸಿಸ್, ಅಯೋವಾದ ಎಇಎ ತರಹದ ಪ್ರಾದೇಶಿಕ ಸಂಸ್ಥೆಗಳಿಂದ ಹಂಚಿಕೆಯಲ್ಲಿ ಬರುವವರು. ಅವರ ವಿಷಯದಲ್ಲಿ ಒಪ್ಪಂದದ ದಿನಗಳನ್ನು ಒಂದು ಕಂಬಸಾಲಿನಲ್ಲಿ, ನಿಜಕ್ಕೂ ಬಂದ ದಿನಗಳನ್ನು ಪಕ್ಕದ ಕಂಬಸಾಲಿನಲ್ಲಿ ಬರೆದಿಡಿ. ವಿಶೇಷ ಶಿಕ್ಷಣದ ಮಕ್ಕಳಿಗೆ ಅವರವರ ಶಿಕ್ಷಣ ಯೋಜನೆಯಲ್ಲಿ ಬರೆದುಕೊಟ್ಟ ಸೇವೆಯ ನಿಮಿಷಗಳು ಕಾನೂನಿನ ಬದ್ಧತೆ. ಅಲ್ಲಿ ಕೊರತೆ ಕಂಡರೆ ಮುಂದಿನ ವರ್ಷದ ಒಪ್ಪಂದದವರೆಗೆ ಕಾಯದೆ ಆ ತಿಂಗಳೇ ತುಂಬಿಸಿಕೊಳ್ಳಬೇಕು.