ಟಾರ್ಕಾ, ರೆವ್ವಾ? ನನ್ನ ಕಾರಿನ ಗೇರ್ ಲೆಕ್ಕ

ನನ್ನದು ಹೋಂಡಾ ಎಸ್2000. ಹಳೆಯ ಎರಡು ಲೀಟರ್ ಎಂಜಿನ್ನಿನದು, 9000 ಆರ್‌ಪಿಎಂವರೆಗೆ (ನಿಮಿಷಕ್ಕೆ 9000 ಸುತ್ತು) ತಿರುಗುತ್ತದೆ. ಟ್ರಾಫಿಕ್ಕಿನಲ್ಲಿ ಮೊದಲ ಸಲ ಓಡಿಸಿದವರು "ಇದೇನು, ಪಿಕಪ್ಪೇ ಇಲ್ವಲ್ಲ!" ಅನ್ನುತ್ತಾರೆ. ಅವರು ಹೇಳೋದರಲ್ಲಿ ಅರ್ಥ ಇದೆ. ಗರಿಷ್ಠ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಬರೀ 208 ನ್ಯೂಟನ್ ಮೀಟರ್, ಅದೂ 7500 ಆರ್‌ಪಿಎಂನಲ್ಲಿ. ಇವತ್ತಿನ ಎರಡು ಲೀಟರ್ ಟರ್ಬೊ ಡೀಸೆಲ್ ಕಾರು 2000 ಆರ್‌ಪಿಎಂನಲ್ಲೇ ಇದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತದೆ. ಆದರೆ ಟ್ರ್ಯಾಕಿನ ನೇರ ದಾರಿಗೆ ಬಂದರೆ ಆ ಡೀಸೆಲ್ ಕನ್ನಡಿಯಲ್ಲಿ ಸಣ್ಣದಾಗುತ್ತಾ ಹೋಗುತ್ತದೆ. ಟಾರ್ಕ್ ದೊಡ್ಡದೋ ರೆವ್ (ಎಂಜಿನ್ ತಿರುಗುವ ವೇಗ) ದೊಡ್ಡದೋ ಅನ್ನುವ ವಾದ ಕೇಳಿ ಕೇಳಿ ಸಾಕಾಗಿತ್ತು. ನನ್ನ ಕಾರಿಗೆ ನಾನೇ ಲೆಕ್ಕ ಹಾಕಿ ನೋಡೋಣ ಅಂತ ಕೂತೆ.

ಇದಕ್ಕೆ ಬೇಕಾದ ಸಾಮಗ್ರಿ ಕಡಿಮೆ. ಪ್ರತಿ ಗೇರಿನ ಅನುಪಾತ, ಫೈನಲ್ ಡ್ರೈವ್ (ಗೇರ್‌ಬಾಕ್ಸ್ ಆದ ಮೇಲೆ, ಚಕ್ರಕ್ಕೆ ಮುಂಚೆ ಬರುವ ಕೊನೆಯ ಗೇರು) ಅನುಪಾತ, ಟೈರಿನ ಅಳತೆ, ಮತ್ತು ಎಂಜಿನ್ನಿನ ಟಾರ್ಕ್ ಕರ್ವ್ (ಯಾವ ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್ ಅನ್ನುವ ಗೆರೆ). ಮೊದಲ ಮೂರೂ ಕಂಪನಿಯ ಕೈಪಿಡಿಯಲ್ಲೇ ಇವೆ. ಟಾರ್ಕ್ ಕರ್ವ್ ಬೇಕು ಅಂದರೆ ಕಾರನ್ನು ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಬೇಕು. ಆದರೆ ಅದಿಲ್ಲದೆಯೂ ಮುಕ್ಕಾಲು ಉತ್ತರ ಸಿಗುತ್ತದೆ, ಮುಂದೆ ನೋಡಿ. ಎಸ್2000 ಗೇರ್‌ಬಾಕ್ಸಿನಲ್ಲಿ ಒಂದು ವಿಶೇಷ ಇದೆ. 4.10ರ ಫೈನಲ್ ಡ್ರೈವ್ ಅಲ್ಲದೆ 1.16ರ ಇನ್ನೊಂದು ರಿಡಕ್ಷನ್ (ವೇಗ ಇಳಿಸುವ ಗೇರು) ಕೂಡ ಇದೆ. ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಸ್ಪೀಡೇ ತಾಳೆ ಆಗಲ್ಲ.

ಈಗ ಎರಡನೇ ಗೇರು. 2.045 ಗುಣಿಸು 4.10 ಗುಣಿಸು 1.16, ಒಟ್ಟು 9.73. ಅಂದರೆ ಎಂಜಿನ್ ಕೊಡುವ ಟಾರ್ಕ್ ಚಕ್ರಕ್ಕೆ ತಲುಪುವಾಗ 9.73 ಪಟ್ಟು ಆಗಿರುತ್ತದೆ (ಗೇರ್‌ಬಾಕ್ಸಿನ ನಷ್ಟ ಬಿಟ್ಟು). ಮೂರನೇ ಗೇರಿಗೆ ಇದೇ ಲೆಕ್ಕ 7.04 ಬರುತ್ತದೆ. ಮೂರನೇ ಗೇರಿನಲ್ಲಿ ಎಂಜಿನ್ ತನ್ನ ಗರಿಷ್ಠ 208 ಕೊಟ್ಟರೂ ಚಕ್ರಕ್ಕೆ ಸಿಗೋದು 1464 ನ್ಯೂಟನ್ ಮೀಟರ್. ಎರಡನೇ ಗೇರಿನಲ್ಲಿ ಅಷ್ಟೇ ಸಿಗಬೇಕು ಅಂದರೆ ಎಂಜಿನ್ ಸುಮಾರು 150 ಕೊಟ್ಟರೆ ಸಾಕು. 9000 ಆರ್‌ಪಿಎಂನಲ್ಲಿ ಟಾರ್ಕ್ ಇಳಿದಿರುತ್ತದೆ ನಿಜ, ಆದರೆ 150ರವರೆಗೆ ಇಳಿದಿರಲ್ಲ. ಅಲ್ಲಿಗೆ ಮುಗೀತು. ರೆಡ್‌ಲೈನ್‌ವರೆಗೂ (ಎಂಜಿನ್ ತಿರುಗಬಹುದಾದ ಗರಿಷ್ಠ ಮಿತಿ) ಎರಡನೇ ಗೇರೇ ಜಾಸ್ತಿ ತಳ್ಳುತ್ತದೆ. ಟಾರ್ಕ್ ಕರ್ವಿನ ತುದಿ ದಾಟಿದ ಮೇಲೆ ಎಂಜಿನ್ ಸುಮ್ನೆ ಕೂಗುತ್ತದೆ, ಗೇರ್ ಬದಲಿಸಬೇಕು ಅನ್ನುವ ಮಾತು ಈ ಕಾರಿಗೆ ಒಪ್ಪಲ್ಲ.

ಇನ್ನೊಂದು ವಿಷಯ ಇದೇ ಲೆಕ್ಕದಲ್ಲಿ ಕಾಣುತ್ತದೆ. 9000ದಲ್ಲಿ ಎರಡರಿಂದ ಮೂರಕ್ಕೆ ಹಾಕಿದರೆ ಎಂಜಿನ್ 6500ಕ್ಕೆ ಇಳಿಯುತ್ತದೆ. ಟಾರ್ಕ್ ತುದಿಯಾದ 7500ರಲ್ಲೇ ಹಾಕಿದರೆ 5430ಕ್ಕೆ. ಈ ಎಂಜಿನ್ನಿನ ವಿಟೆಕ್ (ವಾಲ್ವ್ ತೆರೆಯುವ ರೀತಿ ಬದಲಿಸುವ ಹೋಂಡಾ ವ್ಯವಸ್ಥೆ) 6000ದ ಆಸುಪಾಸಿನಲ್ಲಿ, ವಾಲ್ವ್‌ಗಳನ್ನು ಹೆಚ್ಚು ತೆರೆಯುವ ದೊಡ್ಡ ಕ್ಯಾಮ್‌ಗೆ ಬದಲಾಗುತ್ತದೆ. ಬೇಗ ಗೇರ್ ಬದಲಿಸಿದವರು ಪ್ರತಿ ಸಲ ಅದರ ಕೆಳಗೆ ಬಿದ್ದು, ಮತ್ತೆ ಮೇಲೆ ಹತ್ತುವವರೆಗೆ ಕಾಯಬೇಕು. ಪಿಕಪ್ ಇಲ್ಲ ಅನ್ನುವವರು ಓಡಿಸೋದು ಹೀಗೇ.

ಕಾಗದದ ಲೆಕ್ಕ ನಿಜ ಅನ್ನೋಕೆ ಸಾಕ್ಷಿ ಬೇಕಲ್ವಾ? ಜಿಪಿಎಸ್ ಲಾಗರ್ (ವೇಗ ದಾಖಲಿಸುವ ಸಾಧನ) ಕಟ್ಟಿಕೊಂಡು ಟ್ರ್ಯಾಕಿನ ಸಮತಟ್ಟು ಭಾಗದಲ್ಲಿ 60ರಿಂದ 100 ಕಿಲೋಮೀಟರ್ ವೇಗದವರೆಗೆ ಎಳೆದು ನೋಡಿದೆ. ಒಮ್ಮೆ ಎರಡನೇ ಗೇರಿನಲ್ಲಿ, ಒಮ್ಮೆ ಮೂರನೆಯದರಲ್ಲಿ, ಒಮ್ಮೆ ನಾಲ್ಕನೆಯದರಲ್ಲಿ. ಎರಡೂ ದಿಕ್ಕಿನಲ್ಲಿ ಎಳೆದು ಸರಾಸರಿ ತೆಗೆದೆ, ಗಾಳಿಯೋ ಇಳಿಜಾರೋ ಮೋಸ ಮಾಡಬಾರದು ಅಂತ. ಆರ್‌ಪಿಎಂ ಬೇರೆ ಅಳೆಯೋದು ಬೇಡ. ಕ್ಲಚ್ ಪೂರ್ತಿ ಹಿಡಿದಿದ್ದರೆ ಜಿಪಿಎಸ್ ವೇಗ ಮತ್ತು ಗೇರ್ ಅನುಪಾತದಿಂದ ಆರ್‌ಪಿಎಂ ತಾನಾಗಿ ಬರುತ್ತದೆ. ಎರಡನೇ ಗೇರಿನಲ್ಲಿ ಈ ಓಟಕ್ಕೆ ಹಿಡಿದ ಸಮಯ ನಾಲ್ಕನೆಯದರ ಹೆಚ್ಚು ಕಡಿಮೆ ಅರ್ಧ. ಎಂಜಿನ್ ಅದೇ, ತೂಕ ಅದೇ, ವೇಗ ಅದೇ. ಬದಲಾಗಿದ್ದು ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿತ್ತು ಅನ್ನೋದು ಮಾತ್ರ.

ಪವರ್ ಅಂದರೆ ಇದೇ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್. ಒಂದೇ ಗೇರಿನಲ್ಲಿ ಇದ್ದರೆ ಎಳೆತ ಟಾರ್ಕ್ ಕರ್ವಿನ ಹಾಗೇ ಏರಿ ಇಳಿಯುತ್ತದೆ. ಆದರೆ ಒಂದು ವೇಗದಲ್ಲಿ ಯಾವ ಗೇರು ಬೇಕಾದರೂ ಹಾಕಬಹುದು ಅಂದಾಗ, ಆ ಕ್ಷಣಕ್ಕೆ ಜಾಸ್ತಿ ಪವರ್ ಕೊಡುವ ಗೇರೇ ಜಾಸ್ತಿ ಎಳೆಯುತ್ತದೆ. ಎರಡು ಮಾತೂ ನಿಜ. ಜಗಳ ಆಗೋದು ಒಬ್ಬ ಮೊದಲನೆಯದನ್ನು, ಇನ್ನೊಬ್ಬ ಎರಡನೆಯದನ್ನು ಹೇಳುತ್ತಿರುವಾಗ.

ನಂಬಿಕೆ ಬರದಿದ್ದರೆ ಬಿಎಂಡಬ್ಲ್ಯು ತಗೊಳ್ಳಿ. 2007ರಲ್ಲಿ ಬಂದ ಎಂ3ಯ ನಾಲ್ಕು ಲೀಟರ್ ವಿ8 ಎಂಜಿನ್ನಿಗೆ 400 ನ್ಯೂಟನ್ ಮೀಟರ್ ಟಾರ್ಕ್. ಅದೇ ಕಾಲದ 335ಐಯ ಟರ್ಬೊ ಎಂಜಿನ್ನಿಗೂ ಸರಿಯಾಗಿ 400, ಅದೂ 1300 ಆರ್‌ಪಿಎಂನಿಂದಲೇ. ಟಾರ್ಕೇ ಎಲ್ಲ ಅನ್ನೋದಾದರೆ 335ಐ ಗೆಲ್ಲಬೇಕಿತ್ತು. ಆದರೆ ಎಂ3 8400ರವರೆಗೆ ತಿರುಗಿ 420 ಅಶ್ವಶಕ್ತಿ ಕೊಡುತ್ತದೆ, 335ಐ 306. ನೂರಕ್ಕೆ ತಲುಪಲು ಎಂ3ಗೆ 4.8 ಸೆಕೆಂಡು, 335ಐಗೆ ಐದೂವರೆಯ ಆಸುಪಾಸು. ನನಗೆ ಇಷ್ಟವಾಗುವ ಭಾಗ ಫೈನಲ್ ಡ್ರೈವ್. ಮ್ಯಾನುಯಲ್ ಎಂ3ಯಲ್ಲಿ 3.85, 335ಐಯಲ್ಲಿ 3.08. ಅಂದರೆ ಎಂಜಿನ್ನಿನಲ್ಲಿ ಒಂದೇ ಆಗಿದ್ದ 400, ಎಂ3ಯ ಚಕ್ರಕ್ಕೆ ಬರುವಾಗ ಕಾಲು ಭಾಗ ಜಾಸ್ತಿ ಆಗಿರುತ್ತದೆ. ಎಂಜಿನ್ ಮೇಲೆ ತಿರುಗುವ ಜಾಗ ಇದ್ದದ್ದಕ್ಕೇ ಅಷ್ಟು ಗಿಡ್ಡ ಗೇರು ಹಾಕಲು ಆಯಿತು. ಅದೇ ಸಾಲಿನ 335ಡಿ ಡೀಸೆಲ್ಲಿಗೆ 580 ನ್ಯೂಟನ್ ಮೀಟರ್ ಇತ್ತು. ಅದು ಮೂರರಲ್ಲೂ ನಿಧಾನ.

ಹಾಗಾದರೆ ಟರ್ಬೊ ಕಾರಿನಲ್ಲಿ ಬೆನ್ನಿಗೆ ಗುದ್ದಿದ ಹಾಗೆ ಆಗುತ್ತಲ್ಲ, ಅದು ಸುಳ್ಳಾ? ಸುಳ್ಳಲ್ಲ. ಆದರೆ ಮೈಗೆ ಗೊತ್ತಾಗೋದು ಎಳೆತ ಎಷ್ಟು ಬೇಗ ಏರಿತು ಅನ್ನೋದು, ಎಷ್ಟು ಹೊತ್ತು ನಿಂತಿತು ಅನ್ನೋದು ಅಷ್ಟಾಗಿ ಗೊತ್ತಾಗಲ್ಲ. ಟರ್ಬೊ ಹಿಡಿದ ತಕ್ಷಣ ಬೆನ್ನು ಸೀಟಿಗೆ ಅಂಟುತ್ತದೆ. ನನ್ನ ಕಾರಿನಲ್ಲಿ ಎಳೆತ ಹತ್ತುತ್ತಾ ಹೋಗಿ ಮೇಲೆಯೇ ನಿಲ್ಲುತ್ತದೆ, ಮೈ ಅದಕ್ಕೆ ಹೊಂದಿಕೊಂಡು ಬಿಡುತ್ತದೆ. ಬೆನ್ನನ್ನು ಕೇಳಬೇಡಿ, ಲಾಗರನ್ನು ಕೇಳಿ.

ಟಾರ್ಕ್ ಇರುವ ಎಂಜಿನ್ನಿಗೆ ಅದರದೇ ಜಾಗ ಇದೆ, ಇಲ್ಲ ಅನ್ನಲ್ಲ. ಬಿಗಿ ತಿರುವಿನಿಂದ ಹೊರಗೆ ಬರುವಾಗ ನಾನು ಮೂರನೇ ಗೇರಿನಲ್ಲಿ ಸಿಕ್ಕಿಕೊಂಡರೆ ಕಥೆ ಮುಗಿದ ಹಾಗೆ. ಎರಡಕ್ಕೆ ಇಳಿಸಿದರೆ ಸ್ವಲ್ಪ ದೂರದಲ್ಲೇ ಮತ್ತೆ ಏರಿಸಬೇಕು, ಇಳಿಸದಿದ್ದರೆ ಎಂಜಿನ್ ಮಲಗಿರುತ್ತದೆ. ಅಲ್ಲಿ ದೊಡ್ಡ ಟಾರ್ಕಿನ ಕಾರು ಗೇರ್ ಮುಟ್ಟದೆ ಎಳೆದುಕೊಂಡು ಹೋಗುತ್ತದೆ. ಪ್ರತಿ ಗೇರ್ ಬದಲಾವಣೆಯೂ ಎಳೆತ ನಿಂತ ಸಮಯವೇ. ದಿನನಿತ್ಯದ ಓಡಾಟದಲ್ಲಂತೂ ಕೇಳೋದೇ ಬೇಡ, ಯಾರು ಸುಮ್ನೆ 7000ದಲ್ಲಿ ಓಡಿಸ್ತಾರೆ?

ರೆವ್ ಪುಕ್ಕಟೆಯೂ ಸಿಗಲ್ಲ. ಈ ಎಂಜಿನ್ನಿನ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 84 ಮಿಲಿಮೀಟರ್. 9000ದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 25 ಮೀಟರ್ ದಾಟುತ್ತದೆ. ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಜಗ್ಗಾಟ ಆರ್‌ಪಿಎಂನ ವರ್ಗದಂತೆ ಏರುತ್ತದೆ (ಆರ್‌ಪಿಎಂ ಎರಡು ಪಟ್ಟಾದರೆ ಜಗ್ಗಾಟ ನಾಲ್ಕು ಪಟ್ಟು). ಹೋಂಡಾದವರೇ ಮುಂದೆ ಸ್ಟ್ರೋಕನ್ನು 90.7ಕ್ಕೆ ಹಿಗ್ಗಿಸಿ 2.2 ಲೀಟರ್ ಮಾಡಿದರು, ರೆಡ್‌ಲೈನನ್ನು 8000ದ ಹತ್ತಿರಕ್ಕೆ ಇಳಿಸಿದರು, ಕೆಳಗಿನ ಎಳೆತ ಸುಧಾರಿಸಿತು. ಓಡಿಸೋಕೆ ಅದೇ ಸುಲಭ. ನನಗೆ ಹಳೆಯದೇ ಇಷ್ಟ, ಅದು ಬೇರೆ ಮಾತು.

ಈಗ ನಾನು ಗೇರ್ ಹಾಕೋದು ಹೀಗೆ. ಮೊದಲನೇ ಗೇರಿನಲ್ಲಿ ಹೊರಡುವಾಗ ಮಿತಿ ಟಾರ್ಕೂ ಅಲ್ಲ, ಪವರೂ ಅಲ್ಲ, ಟೈರಿನ ಹಿಡಿತ. ಚಕ್ರ ಜಾರದಂತೆ ಆಕ್ಸಿಲರೇಟರ್ ನೋಡಿಕೊಂಡರೆ ಸಾಕು. ಹಿಡಿತ ಸಿಕ್ಕ ಮೇಲೆ ಮೊದಲನೆಯದನ್ನು ಪೂರ್ತಿ 9000ಕ್ಕೆ ಎಳೆಯುತ್ತೇನೆ, ಯಾಕೆಂದರೆ ಅಲ್ಲಿಂದ ಎರಡಕ್ಕೆ ಹಾಕಿದರೆ ಎಂಜಿನ್ 5870ಕ್ಕೆ ಬೀಳುತ್ತದೆ, ವಿಟೆಕ್‌ನ ಅಂಚಿಗೆ. ಸ್ವಲ್ಪ ಮುಂಚೆ ಹಾಕಿದರೂ ಅದರ ಕೆಳಗೆ. ಎರಡು, ಮೂರು ಗೇರುಗಳನ್ನೂ ಕೊನೆಯವರೆಗೆ ಎಳೆಯುತ್ತೇನೆ. ನಾಲ್ಕರಿಂದ ಮೇಲೆ ಅನುಪಾತಗಳು ಹತ್ತಿರ ಹತ್ತಿರ ಇವೆ, 8700ಕ್ಕೇ ಬದಲಿಸಿದರೂ ಲಾಗರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಎಂಜಿನ್ನಿಗೆ ಸ್ವಲ್ಪ ವಿಶ್ರಾಂತಿ ಕೊಡುತ್ತೇನೆ.